ಸಂತ ಕತ್‌ಬರ್ಟ್‌ಗೆ ಹೆಂಗಸರೆಂದರೆ ಆಗುತ್ತಿರಲಿಲ್ಲವಾ? ಡರಮ್‌ನ ಕಪ್ಪು ಪಟ್ಟಿ ನೋಡಿ ಬಂದ ಪ್ರಶ್ನೆ

ಮಳೆಬಿಲ್ಲು:
ಹೋದ ತಿಂಗಳು ತಮ್ಮನ ಮನೆಗೆ ಅಂತ ಇಂಗ್ಲೆಂಡಿನ ನ್ಯೂಕಾಸಲ್‌ಗೆ ಹೋಗಿದ್ದೆ. ಒಂದು ದಿನ ಡರಮ್ ಕ್ಯಾಥೆಡ್ರಲ್ ತೋರಿಸಿಕೊಂಡು ಬಂದ. (ಡರ್ಹ್ಯಾಮ್ ಅಂದೆ, ತಮ್ಮ ನಕ್ಕ.) ಒಳಗೆ ಪಶ್ಚಿಮದ ಕಡೆ ನೆಲದಲ್ಲಿ ಅಡ್ಡಲಾಗಿ ಒಂದು ಕಪ್ಪು ಕಲ್ಲಿನ ಪಟ್ಟಿ ಇದೆ. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಅದನ್ನು ದಾಟುವ ಹಾಗೇ ಇರಲಿಲ್ಲವಂತೆ. ಯಾಕೆ ಅಂದರೆ ಆ ತುದಿಯಲ್ಲಿ ಮಲಗಿರುವ ಸಂತ ಕತ್‌ಬರ್ಟ್‌ಗೆ ಹೆಂಗಸರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ನಾನು ಆ ಪಟ್ಟಿಯನ್ನು ಬೇಕಂತಲೇ ಎರಡು ಸಲ ದಾಟಿದೆ, ಆಚೆಗೊಮ್ಮೆ ಈಚೆಗೊಮ್ಮೆ. ಆಮೇಲೆ ಸಮಾಧಿಯ ಹತ್ತಿರ ಹೋದರೆ ನೆಲಕ್ಕೆ ಹಾಸಿದ ಒಂದು ಸಾದಾ ಚಪ್ಪಡಿ, ಅದರ ಮೇಲೆ ಹೆಸರು. ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಈ ಮನುಷ್ಯ ನಿಜಕ್ಕೂ ಯಾರು? ಓದಿಕೊಂಡವರು ಹೇಳ್ತೀರಾ?

ಸುಮ್ಸುಮ್ನೆ:
ಏಳನೇ ಶತಮಾನದ ಬಿಷಪ್ಪು. ನೀರುನಾಯಿ ಕಾಲು ಒರೆಸಿತು, ಕಾಗೆ ಕ್ಷಮೆ ಕೇಳಿತು, ಹೆಣ ಕೊಳೆಯಲಿಲ್ಲ. ಇಷ್ಟೇ ಕಥೆ. ಬೀಡ್ ಅನ್ನೋ ಸನ್ಯಾಸಿ ಚೆನ್ನಾಗಿ ಪ್ರಚಾರ ಮಾಡಿದ, ಅಷ್ಟೇ.

ಹಳೇಹೊತ್ತಿಗೆ:
ಸುಮ್ಸುಮ್ನೆ ಅವರೇ, ಬೀಡ್‌ಗಿಂತ ಮೊದಲೇ ಒಂದು ಚರಿತ್ರೆ ಬರೆದಾಗಿತ್ತು. ಕತ್‌ಬರ್ಟ್ ತೀರಿಹೋದದ್ದು 687ರ ಮಾರ್ಚ್ 20. ಅವನದೇ ಮಠವಾದ ಲಿಂಡಿಸ್‌ಫಾರ್ನ್‌ನ ಹೆಸರು ಹೇಳದ ಒಬ್ಬ ಸನ್ಯಾಸಿ 699ರಿಂದ 705ರ ಒಳಗೆ ಮೊದಲ ಚರಿತ್ರೆ ಬರೆದ. ಬೀಡ್ ಆಮೇಲೆ ಅದನ್ನಿಟ್ಟುಕೊಂಡು ಮೊದಲು ಪದ್ಯದಲ್ಲಿ, ಬಳಿಕ ಸುಮಾರು 721ರಲ್ಲಿ ಗದ್ಯದಲ್ಲಿ ಬರೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾರು ಎಲ್ಲಿ ಕೈಯಾಡಿಸಿದ್ದಾರೆ ಅಂತ ಗೊತ್ತಾಗುತ್ತೆ. ನಿಮ್ಮ ನೀರುನಾಯಿಯನ್ನೇ ತಗೊಳ್ಳಿ. ಕೋಲ್ಡಿಂಗಮ್ ಮಠದಲ್ಲಿ ಅತಿಥಿಯಾಗಿದ್ದಾಗ ಕತ್‌ಬರ್ಟ್ ರಾತ್ರಿ ಎದ್ದು ಕಡಲಿಗೆ ಹೋಗಿ, ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದ. ಒಬ್ಬ ಸನ್ಯಾಸಿ ಕದ್ದು ಹಿಂಬಾಲಿಸಿ ನೋಡಿದ. ಬೆಳಗಿನ ಜಾವ ದಡಕ್ಕೆ ಬಂದಾಗ ಎರಡು ಪ್ರಾಣಿ ಅವನ ಕಾಲಿಗೆ ಉಸಿರು ಬಿಟ್ಟು ಬೆಚ್ಚಗೆ ಮಾಡಿ, ಮೈಯ ರೋಮದಿಂದ ಒರೆಸಿದವು. ಮೊದಲ ಚರಿತ್ರೆಯಲ್ಲಿ ಅವು ಬರೀ 'ಕಡಲಿನ ಎರಡು ಚಿಕ್ಕ ಪ್ರಾಣಿಗಳು'. ಅವಕ್ಕೆ ನೀರುನಾಯಿ ಅಂತ ಹೆಸರಿಟ್ಟವನು ಬೀಡ್.

ಇನ್ನು ಮಳೆಬಿಲ್ಲು ಅವರ ಪ್ರಶ್ನೆ. ಆ ಕೋಲ್ಡಿಂಗಮ್ ಮಠಕ್ಕೆ ಅವನನ್ನು ಕರೆಸಿಕೊಂಡದ್ದು ಯಾರು ಗೊತ್ತಾ? ಮಠದ ಒಡತಿ ಎಬ್ಬ. ಹೆಂಗಸು. ಗಂಡಸರೂ ಹೆಂಗಸರೂ ಇಬ್ಬರೂ ಇದ್ದ ಮಠ ಅದು. ಅಲ್ಲಿಗೆ ಹೋಗಿ ಕೆಲವು ದಿನ ಇದ್ದು ಬಂದವನನ್ನು ಹೆಂಗಸರ ದ್ವೇಷಿ ಅಂದರೆ ಹೇಗೆ?

ಮಳೆಬಿಲ್ಲು:
ಅಂದರೆ ಪಟ್ಟಿಯ ಕಥೆ ಸುಳ್ಳಾ?

ಹಳೇಹೊತ್ತಿಗೆ:
ಪಟ್ಟಿ ನಿಜ, ಹೆಂಗಸರನ್ನು ತಡೆದದ್ದೂ ನಿಜ. ಅವನ ಹೆಸರಿಗೆ ಅದನ್ನು ಕಟ್ಟಿದ್ದು ಮಾತ್ರ ಅವನು ಸತ್ತು ನಾನೂರು ವರ್ಷ ಆದಮೇಲೆ.

1083ರವರೆಗೆ ಡರಮ್‌ನಲ್ಲಿ ಅವನ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ಹೆಂಡತಿ ಮಕ್ಕಳಿದ್ದ ಪಾದ್ರಿಗಳು. ಆ ವರ್ಷ ನಾರ್ಮನ್ ಬಿಷಪ್ ವಿಲಿಯಂ, ಸೇಂಟ್ ಕ್ಯಾಲೇಯವನು, ಅವರನ್ನು ಎಬ್ಬಿಸಿ ಬೆನೆಡಿಕ್ಟೈನ್ ಸನ್ಯಾಸಿಗಳನ್ನು ತಂದು ಕೂರಿಸಿದ. ತಲೆತಲಾಂತರದಿಂದ ಇದ್ದ ಕುಟುಂಬಗಳನ್ನು ಹೊರಗೆ ಹಾಕಬೇಕಾದರೆ ಸಂತನೇ ಬೇಡ ಅಂದಿದ್ದಾನೆ ಅನ್ನುವ ಮಾತು ಎಷ್ಟು ಅನುಕೂಲ ನೋಡಿ! ಹನ್ನೆರಡನೇ ಶತಮಾನದ ಆರಂಭದಲ್ಲಿ ಡರಮ್‌ನ ಸಿಮಿಯನ್ ಎಂಬ ಸನ್ಯಾಸಿ ಇದಕ್ಕೆ ಕಾರಣವನ್ನೂ ಕೊಟ್ಟ: ಕೋಲ್ಡಿಂಗಮ್‌ನ ಸನ್ಯಾಸಿನಿಯರು ದಾರಿ ತಪ್ಪಿದ್ದರಿಂದ ಕತ್‌ಬರ್ಟ್ ಹೆಂಗಸರನ್ನು ದೂರ ಇಟ್ಟನಂತೆ. ಬೀಡ್‌ನ ಚರಿತ್ರೆಯಲ್ಲಿ ಈ ಮಾತಿನ ಸುಳಿವೇ ಇಲ್ಲ.

ಆ ಎರಡು ಹಳೆಯ ಚರಿತ್ರೆಗಳಲ್ಲಿ ಇರುವುದು ಇದಕ್ಕೆ ಪೂರ್ತಿ ಉಲ್ಟಾ. ಎಂಟು ವರ್ಷದ ಹುಡುಗನಿದ್ದಾಗಿನಿಂದ ಸಾಕಿದ ಕೆನ್ಸ್‌ವಿತ್ ಎಂಬ ವಿಧವೆಯನ್ನು ದೊಡ್ಡವನಾದ ಮೇಲೂ ಅಮ್ಮ ಅಂತಲೇ ಕರೆಯುತ್ತಿದ್ದ, ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದ. ವಿಟ್ಬಿ ಮಠದ ಒಡತಿ, ರಾಜಕುಮಾರಿ ಎಲ್‌ಫ್ಲೆಡ್ ಮಾತಾಡಬೇಕು ಅಂತ ಹೇಳಿಕಳಿಸಿದಾಗ ದೋಣಿ ಹತ್ತಿ ಕಾಕೆಟ್ ದ್ವೀಪದವರೆಗೂ ಹೋದ. ಟೈನ್ ನದಿ ಕಡಲು ಸೇರುವ ಕಡೆ ಇದ್ದ ಮಠದ ಒಡತಿ ವೆರ್ಕ ಒಂದು ನಾರುಮಡಿ ಕೊಟ್ಟಿದ್ದಳು. ಬದುಕಿರುವಾಗ ಅದನ್ನು ಉಡಲಿಲ್ಲ. ಸತ್ತಮೇಲೆ ಹೊದಿಸಿ ಅಂತ ತೆಗೆದಿಟ್ಟುಕೊಂಡ. ಮಳೆಬಿಲ್ಲು ಅವರೇ, ನೀವು ಪಟ್ಟಿ ದಾಟಿದ್ದಕ್ಕೆ ಒಳಗೆ ಮಲಗಿದವನ ತಕರಾರು ಏನೂ ಇರಲಿಕ್ಕಿಲ್ಲ.

ಟೈನ್‌ದಂಡೆ:
ನಾನು ಈ ಕಡೆಯೇ ಇರೋದು, ಹನ್ನೊಂದು ವರ್ಷ ಆಯ್ತು. ಆ ಕ್ಯಾಥೆಡ್ರಲ್‌ನ ಪಶ್ಚಿಮ ತುದಿಯಲ್ಲಿ ಗ್ಯಾಲಿಲೀ ಚಾಪೆಲ್ ಅಂತ ಇದೆಯಲ್ಲ, ಮೇರಿ ಮಾತೆಯ ಗುಡಿ. ಅದನ್ನು ಮೊದಲು ಪೂರ್ವಕ್ಕೆ, ಕತ್‌ಬರ್ಟ್ ಸಮಾಧಿಯ ಪಕ್ಕ ಕಟ್ಟೋಕೆ ಹೊರಟರಂತೆ. ಗೋಡೆ ಬಿರುಕು ಬಿಡ್ತು. ಹೆಂಗಸಿನ ಗುಡಿ ಹತ್ತಿರ ಬಂದದ್ದು ಸಂತನಿಗೆ ಸೇರಲಿಲ್ಲ ಅಂದುಕೊಂಡು ಪಶ್ಚಿಮಕ್ಕೆ ಸಾಗಿಸಿದರಂತೆ. ಪೂರ್ವದ ಕಡೆ ನೆಲವೇ ಗಟ್ಟಿ ಇಲ್ಲ, ಯಾರನ್ನು ಬೈದು ಏನು? ತಮಾಷೆ ಅಂದರೆ ಬೀಡ್‌ನ ಮೂಳೆ ಇರೋದೂ ಅದೇ ಗುಡಿಯಲ್ಲಿ. ಜಾರೋ ಮಠದಿಂದ ಒಬ್ಬ ಪಾದ್ರಿ ಕದ್ದು ತಂದದ್ದು.

ಪೇಢಾಪ್ರಿಯ:
ನನಗ ಒಂದು ತಿಳೀಲಿಲ್ಲರಿ. ಮಂದಿ ಸಹವಾಸನ ಬ್ಯಾಡಂತ ನಡುಗಡ್ಡಿಗೆ ಹೋಗಿ ಕುಂತಾಂವನ್ನ ಹಿಡಕೊಂಡು ಬಂದು ಬಿಷಪ್ ಯಾಕ ಮಾಡಿದ್ರು? ಬ್ಯಾರೆ ಯಾರೂ ಸಿಗಲಿಲ್ಲೇನು?

ಹಳೇಹೊತ್ತಿಗೆ:
ಸಿಗಲಿಲ್ಲ ಅಂತಲೇ ಹೇಳಬೇಕು. ಸ್ವಲ್ಪ ಹಿಂದಿನಿಂದ ಬರ್ತೀನಿ.

ಹುಟ್ಟಿದ್ದು 634-635ರ ಸುಮಾರಿಗೆ, ನಾರ್ತಂಬ್ರಿಯ ರಾಜ್ಯದಲ್ಲಿ. 651ರಲ್ಲಿ ಬೆಟ್ಟದ ಮೇಲೆ ಕುರಿ ಕಾಯುತ್ತಿದ್ದ ರಾತ್ರಿ ದೇವದೂತರು ಒಂದು ಆತ್ಮವನ್ನು ಮೇಲಕ್ಕೆ ಒಯ್ಯುವುದನ್ನು ಕಂಡನಂತೆ. ಅದೇ ಹೊತ್ತಿಗೆ ಲಿಂಡಿಸ್‌ಫಾರ್ನ್ ಮಠ ಕಟ್ಟಿದ ಬಿಷಪ್ ಐಡನ್ ತೀರಿಕೊಂಡಿದ್ದ. ಹುಡುಗ ನೇರವಾಗಿ ಮೆಲ್ರೋಸ್ ಮಠಕ್ಕೆ ಹೋದ. ಕುರಿ ಕಾಯುತ್ತಿದ್ದ ಅಂದಕೂಡಲೇ ಬಡವ ಅಂದುಕೊಳ್ಳಬೇಡಿ. ಮಠದ ಬಾಗಿಲಲ್ಲಿ ಕುದುರೆಯಿಂದ ಇಳಿದು, ಕೈಯಲ್ಲಿದ್ದ ಈಟಿಯನ್ನು ಆಳಿನ ಕೈಗೆ ಕೊಟ್ಟು ಒಳಗೆ ಹೋದ ಅಂತ ಬೀಡ್ ಬರೆದಿದ್ದಾನೆ. ಕುದುರೆ, ಈಟಿ, ಆಳು ಮೂರೂ ಇದ್ದ ಮನೆಯವನು.

ಮೆಲ್ರೋಸ್‌ನಲ್ಲಿ ಗುರು ಬೋಯ್ಸಿಲ್ ಪ್ಲೇಗಿಗೆ ಹೋದ. ಕತ್‌ಬರ್ಟ್‌ಗೂ ಬಂದು ವಾಸಿಯಾಯಿತು. ಆದರೆ ಒಳಗೊಂದು ನೋವು ಕೊನೆಯವರೆಗೂ ಉಳಿಯಿತು. 664ರಲ್ಲಿ ವಿಟ್ಬಿಯ ಸಭೆ ನಡೆದು, ಈಸ್ಟರ್ ಯಾವ ದಿನ ಅನ್ನುವುದರಲ್ಲಿ ಐರಿಷ್ ಲೆಕ್ಕ ಸೋತು ರೋಮಿನ ಲೆಕ್ಕ ಗೆದ್ದಿತು. ಅದಾದ ಮೇಲೆ ಲಿಂಡಿಸ್‌ಫಾರ್ನ್‌ಗೆ ಹೋದ ಇವನ ಕೆಲಸ, ಹಳೆಯ ಪದ್ಧತಿ ಬಿಡಲೊಲ್ಲದ ಸನ್ಯಾಸಿಗಳನ್ನು ಹೊಸದಕ್ಕೆ ಒಗ್ಗಿಸುವುದು. ಸಭೆಯಲ್ಲಿ ಜಗಳ ಜೋರಾದರೆ ಸಿಟ್ಟು ಮಾಡದೆ ಎದ್ದು ಹೋಗಿಬಿಡುತ್ತಿದ್ದ. ಮರುದಿನ ಬಂದು ಏನೂ ಆಗಿಲ್ಲವೆಂಬಂತೆ ಅದೇ ಮಾತನ್ನು ಮತ್ತೆ ಶುರು ಮಾಡುತ್ತಿದ್ದ. ನೀರುನಾಯಿ ಕಥೆಗಿಂತ ನನಗೆ ಇಷ್ಟವಾದದ್ದು ಇದು. ಕಮಿಟಿಗಳಲ್ಲಿ ಕೂತು ಸವೆದವರಿಗೆ ಇದರ ಬೆಲೆ ಗೊತ್ತು.

676ರಲ್ಲಿ ಇನ್ನರ್ ಫಾರ್ನ್ ಎಂಬ ಬಂಡೆ ದ್ವೀಪಕ್ಕೆ ಒಬ್ಬನೇ ಹೋದ. ಕಲ್ಲು, ಹುಲ್ಲುಹೆಂಟೆ ಸೇರಿಸಿ ದುಂಡಗೆ ಗೋಡೆ ಎಬ್ಬಿಸಿದ. ಹೊರಗಿನಿಂದ ನೋಡಿದರೆ ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು. ಒಳಗಿನ ಬಂಡೆಯನ್ನು ಕಡಿದು ತಗ್ಗು ಮಾಡಿದ್ದರಿಂದ ಒಳಗೆ ನಿಂತವನಿಗೆ ಕಡಲೂ ಕಾಣದು, ನೆಲವೂ ಕಾಣದು, ಆಕಾಶ ಮಾತ್ರ. ಗೋಧಿ ಬಿತ್ತಿದ, ಏಳಲಿಲ್ಲ. ಹೊತ್ತು ಮೀರಿದ ಮೇಲೆ ಬಾರ್ಲಿ ಬಿತ್ತಿದ, ಬಂತು. ಹಕ್ಕಿಗಳು ತೆನೆಗೆ ಬಿದ್ದವು. ಬಿತ್ತದವರು ಕೊಯ್ಯುವುದು ಯಾವ ನ್ಯಾಯ ಅಂತ ಗದರಿದ, ಹಾರಿಹೋದವು. ಅತಿಥಿಗೃಹದ ಮಾಡಿನ ಹುಲ್ಲು ಕಿತ್ತು ಗೂಡಿಗೆ ಒಯ್ಯುತ್ತಿದ್ದ ಜೋಡಿ ಕಾಡುಕಾಗೆಗಳನ್ನು ಓಡಿಸಿದ್ದಕ್ಕೆ, ಅವು ಮೂರು ದಿನ ಬಿಟ್ಟು ಬಂದು ರೆಕ್ಕೆ ಚಾಚಿ ತಲೆ ಬಾಗಿಸಿದವಂತೆ. ಜೊತೆಗೆ ಒಂದು ಉಂಡೆ ಹಂದಿ ನೆಣವನ್ನೂ ತಂದುಕೊಟ್ಟವಂತೆ. ಬಂದವರು ಬೂಟಿಗೆ ಹಚ್ಚಿಕೊಳ್ಳಲಿ ಅಂತ ಅದನ್ನು ಇಟ್ಟುಕೊಂಡಿದ್ದ.

ಈಗ ಬಿಷಪ್ ವಿಚಾರ. 678ರಲ್ಲಿ ರಾಜ ಎಗ್‌ಫ್ರಿತ್ ರೋಮಿನ ಪಕ್ಷದ ಬಿಷಪ್ ವಿಲ್ಫ್ರಿಡ್‌ನನ್ನು ರಾಜ್ಯ ಬಿಟ್ಟು ಓಡಿಸಿದ್ದ. ಅವನ ದೊಡ್ಡ ಧರ್ಮಪ್ರಾಂತವನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಿಯೋಡರ್ ತುಂಡು ಮಾಡಿ ಹಂಚಿದ. 684ರಲ್ಲಿ ಹೆಕ್ಸಮ್‌ನ ಬಿಷಪ್‌ನನ್ನೂ ಕೆಳಗಿಳಿಸಿದರು. ವಿಲ್ಫ್ರಿಡ್ ಕಡೆಯವರು ಕಾಯುತ್ತಿದ್ದಾರೆ, ಐರಿಷ್ ಗುರುಗಳ ಕೈಯಲ್ಲಿ ಬೆಳೆದವರ ಗಾಯ ಮಾಸಿಲ್ಲ. ಎರಡೂ ಕಡೆಯವರು ಒಪ್ಪಬಹುದಾದವನು ಇವನೊಬ್ಬನೇ. ಟ್ವೈಫರ್ಡ್ ಸಭೆ ಆರಿಸಿತು. ಪತ್ರ ಹೋಯಿತು, ದೂತರು ಹೋದರು, ಉತ್ತರ ಇಲ್ಲ. ಕೊನೆಗೆ ರಾಜನೇ ದೋಣಿಯಲ್ಲಿ ಹೋಗಿ ಮೊಣಕಾಲೂರಿ ಕೇಳಿದ. ಕತ್‌ಬರ್ಟ್ ಅಳುತ್ತಲೇ ಎದ್ದು ಬಂದ. 685ರ ಮಾರ್ಚ್ 26, ಈಸ್ಟರ್ ದಿನ, ಯಾರ್ಕ್‌ನಲ್ಲಿ ದೀಕ್ಷೆ. ಹೆಕ್ಸಮ್‌ಗೆ ಆರಿಸಿದ್ದರೂ ಲಿಂಡಿಸ್‌ಫಾರ್ನ್ ಬಿಷಪ್ ಆಗಿದ್ದ ಈಟ ತಾನೇ ಹೆಕ್ಸಮ್‌ಗೆ ಹೋಗಿ ಇವನಿಗೆ ಲಿಂಡಿಸ್‌ಫಾರ್ನ್ ಬಿಟ್ಟುಕೊಟ್ಟ.

ಪೇಢಾಪ್ರಿಯ:
ಅಡ್ಡಿಯಿಲ್ಲ ಬಿಡ್ರಿ, ಈಗ ತಿಳೀತು. ಎಲ್ಲಾರಿಗೂ ಬೇಕಾದಾಂವ ಅಂದ್ರ ಅಂವಗ ಕುರ್ಚಿ ತಪ್ಪಿದ್ದಲ್ಲ.

ಕಡಲಕರೆ:
ನಾನು ಮಂಗಳೂರಿನ ಕಡೆಯ ಕಥೊಲಿಕ. ಬಿಷಪ್ ಸ್ವಾಮಿಗಳು ಅಂದರೆ ನಮ್ಮಲ್ಲಿ ಕಾರು, ಸೆಕ್ರೆಟರಿ, ಪರಿಷತ್ತು ಎಲ್ಲ ಕಣ್ಣ ಮುಂದೆ ಬರುತ್ತದೆ. ಈ ಪುಣ್ಯಾತ್ಮ ಎರಡು ವರ್ಷವೂ ಪೂರ್ತಿ ಬಿಷಪ್ ಆಗಿರಲಿಲ್ಲ. ಅಷ್ಟರಲ್ಲೇ ಪ್ಲೇಗು ಬಡಿದ ಹಳ್ಳಿಗಳಲ್ಲಿ ಸುತ್ತಾಡಿದ್ದಾನೆ. ಚರ್ಚು ಎಲ್ಲಿದೆ, ಬಯಲಲ್ಲಿ ಡೇರೆ ಹಾಕಿ ದೃಢೀಕರಣ ಸಂಸ್ಕಾರ ಕೊಟ್ಟ. ನನಗೆ ಮರೆಯಲಾಗದ್ದು ಕಾರ್ಲೈಲ್‌ನ ಪ್ರಸಂಗ. ಹಳೇಹೊತ್ತಿಗೆಯವರೇ, ಅದನ್ನು ನೀವೇ ಹೇಳಿ.

ಹಳೇಹೊತ್ತಿಗೆ:
ದೀಕ್ಷೆಯಾಗಿ ಎರಡು ತಿಂಗಳೂ ಆಗಿಲ್ಲ. ಉತ್ತರದ ಪಿಕ್ಟ್ ಎಂಬ ಜನಾಂಗದವರ ಮೇಲೆ ದಂಡೆತ್ತಿ ಹೋಗಬೇಡ ಅಂತ ಹೇಳಿದವರಲ್ಲಿ ಇವನೂ ಒಬ್ಬ. ಎಗ್‌ಫ್ರಿತ್ ಕೇಳದೆ ಹೋದ. ರಾಣಿ ಕಾರ್ಲೈಲ್‌ನಲ್ಲಿ ತಂಗಿಯ ಮಠದಲ್ಲಿ ಸುದ್ದಿಗೆ ಕಾಯುತ್ತಿದ್ದಳು. ಕತ್‌ಬರ್ಟ್ ಅಲ್ಲಿಗೆ ಬಂದ. ಶನಿವಾರ, 685ರ ಮೇ 20. ಊರಿನ ಅಧಿಕಾರಿ ವಾಗ ಎಂಬವನು ಬಿಷಪ್‌ಗೆ ಊರು ತೋರಿಸುತ್ತಿದ್ದ: ಇದು ರೋಮನ್ನರ ಕೋಟೆಗೋಡೆ, ಇದು ಅವರು ಕಟ್ಟಿದ ಕಾರಂಜಿ. ಎಲ್ಲರೂ ಅದನ್ನು ನೋಡುತ್ತಿದ್ದಾಗ ಇವನು ಮಾತ್ರ ಊರುಗೋಲಿಗೆ ಒರಗಿ ನೆಲ ನೋಡುತ್ತ ನಿಂತ. ಆಮೇಲೆ ತಲೆ ಎತ್ತಿ, ಯುದ್ಧದ ತೀರ್ಮಾನ ಈಗ ಆಗಿರಬಹುದು ಅಂತ ಮೆಲ್ಲಗೆ ಅಂದ. ರಾಣಿಯ ಹತ್ತಿರ ಹೋಗಿ, ನಾಳೆ ಭಾನುವಾರ, ಗಾಡಿ ಕಟ್ಟುವಂತಿಲ್ಲ, ಸೋಮವಾರ ಬೆಳಗಾಗುತ್ತಲೇ ರಾಜಧಾನಿಗೆ ಹೊರಡಿ, ರಾಜ ಸತ್ತಿರಬಹುದು ಅಂದ. ಸೋಮವಾರ ಯುದ್ಧಭೂಮಿಯಿಂದ ತಪ್ಪಿಸಿಕೊಂಡು ಬಂದ ಒಬ್ಬ ಸುದ್ದಿ ಮುಟ್ಟಿಸಿದ. ಎಗ್‌ಫ್ರಿತ್ ಮತ್ತು ಅವನ ಸೈನ್ಯದ ಬಹುಭಾಗ ನೆಕ್ಟನ್ಸ್‌ಮಿಯರ್‌ನಲ್ಲಿ ನೆಲಕ್ಕೆ ಬಿದ್ದಿತ್ತು.

ಸುಮ್ಸುಮ್ನೆ:
ಇದನ್ನು ದಿವ್ಯದೃಷ್ಟಿ ಅಂತೀರಾ? ಸೋಲ್ತಾನೆ ಅಂತ ಮೊದಲೇ ಲೆಕ್ಕ ಹಾಕಿದ್ದ ಮನುಷ್ಯ ಟೆನ್ಷನ್‌ನಲ್ಲಿ ನಿಂತಿದ್ದ, ಅಷ್ಟೇ. ಅವನ ಮುಂದಿನ ರಾಜ ಯಾರು ಅಂತಲೂ ಮೊದಲೇ ಹೇಳಿದ್ದನಂತಲ್ಲ?

ಹಳೇಹೊತ್ತಿಗೆ:
ಕಾಕೆಟ್ ದ್ವೀಪದಲ್ಲಿ ಎಲ್‌ಫ್ಲೆಡ್ ಕೇಳಿದ್ದೇ ಅದನ್ನ. ಅಣ್ಣ ಎಗ್‌ಫ್ರಿತ್‌ಗೆ ಮಕ್ಕಳಿಲ್ಲ, ಮುಂದೆ ಯಾರು? ಈ ಕಡಲಲ್ಲಿ ಎಷ್ಟು ದ್ವೀಪಗಳಿವೆ ನೋಡು, ದೇವರು ಯಾವುದರಿಂದ ಬೇಕಾದರೂ ರಾಜನನ್ನು ತರಬಲ್ಲ ಅಂತ ಒಗಟಿನ ಹಾಗೆ ಉತ್ತರ ಕೊಟ್ಟ. ಅವಳಿಗೆ ತಕ್ಷಣ ಅರ್ಥವಾಯಿತು. ಅವರ ಮಲಸಹೋದರ ಆಲ್ಡ್‌ಫ್ರಿತ್ ಐರಿಷರ ದ್ವೀಪಗಳಲ್ಲಿ ಓದಿಕೊಂಡಿದ್ದ. ಅವನೇ ರಾಜನಾದ. ನೀವು ಹೇಳುವ ಹಾಗೆ ಇದು ಮುಂದಿನ ರಾಜನ ಬಗ್ಗೆ ಇಬ್ಬರು ತಿಳಿದವರ ಗುಟ್ಟಿನ ಮಾತುಕತೆ ಅಂತಲೂ ಓದಬಹುದು. ನಾನು ಹಾಗೇ ಓದುವುದು. ಆದರೆ ರಾಜವಂಶದ ಗುಟ್ಟನ್ನು ಅವನು ಹಂಚಿಕೊಂಡದ್ದು ಒಬ್ಬ ಹೆಂಗಸಿನ ಜೊತೆ ಅನ್ನುವುದು ಈ ಚರ್ಚೆಯಲ್ಲಿ ಕಳೆದುಹೋಗಬಾರದು.

ಹಸಿರುಗರಿ:
ತಡವಾಗಿ ಬಂದೆ. ಜಗತ್ತಿನ ಮೊದಲ ಪಕ್ಷಿ ಸಂರಕ್ಷಣೆ ಕಾನೂನು ಮಾಡಿದ್ದು ಇವರೇ ತಾನೆ? 676ರಲ್ಲಿ, ಐಡರ್ ಬಾತುಗಳಿಗಾಗಿ. ನಮ್ಮ ಹಕ್ಕಿ ಗುಂಪಿನಲ್ಲಿ ವರ್ಷಕ್ಕೊಮ್ಮೆ ಫಾರ್ವರ್ಡ್ ಬರುತ್ತೆ.

ಹಳೇಹೊತ್ತಿಗೆ:
ಆ ಫಾರ್ವರ್ಡನ್ನು ಅಲ್ಲೇ ನಿಲ್ಲಿಸಿ. 676 ಅವನು ದ್ವೀಪಕ್ಕೆ ಹೋದ ವರ್ಷ. ಕಾನೂನು ಮಾಡಲು ಆಗ ಅವನು ಬಿಷಪ್ಪೂ ಅಲ್ಲ, ದ್ವೀಪದಲ್ಲಿ ಪಾಲಿಸಲು ಜನವೂ ಇಲ್ಲ. ಆ ಎರಡು ಹಳೆಯ ಚರಿತ್ರೆಗಳಲ್ಲೂ ಐಡರ್ ಬಾತಿನ ಮಾತೇ ಇಲ್ಲ. ಬಾತುಗಳಿಗೆ ಅವನ ರಕ್ಷಣೆ ಇದೆ ಎಂಬ ಕಥೆ ಬರುವುದು ಹನ್ನೆರಡನೇ ಶತಮಾನದ ಡರಮ್‌ನ ರೆಜಿನಾಲ್ಡ್ ಎಂಬ ಸನ್ಯಾಸಿಯ ಬರಹದಲ್ಲಿ. ಆ ಸೀಮೆಯಲ್ಲಿ ಐಡರ್‌ಗೆ 'ಕಡ್ಡಿಯ ಬಾತು' ಎಂಬ ಹೆಸರಿರುವುದು ನಿಜ. ಕಡ್ಡಿ ಅಂದರೆ ಕತ್‌ಬರ್ಟ್‌ನ ಮುದ್ದಿನ ಹೆಸರು.

ಹಸಿರುಗರಿ:
ಛೇ. ಸರಿ, ಗುಂಪಿನಲ್ಲಿ ಹೇಳ್ತೀನಿ. ಬೈಸಿಕೊಳ್ಳೋಕೆ ರೆಡಿ.

ಕಡಲಕರೆ:
ಅವನ ಸಾವಿನ ಬಗ್ಗೆ ಬರೆಯದಿದ್ದರೆ ಈ ಚರ್ಚೆ ಅರ್ಧ ಆಗುತ್ತದೆ. ಬೀಡ್ ಇದನ್ನು ಹೆರೆಫ್ರಿತ್ ಎಂಬ ಮಠಾಧಿಪತಿಯ ಬಾಯಿಂದ ಕೇಳಿ ಬರೆದದ್ದು, ಆತ ಅಲ್ಲೇ ಇದ್ದವನು.

686ರ ಕ್ರಿಸ್‌ಮಸ್ ಮುಗಿಸಿ ಕತ್‌ಬರ್ಟ್ ಬಿಷಪ್ ಕೆಲಸ ಬಿಟ್ಟು ಫಾರ್ನ್‌ಗೆ ವಾಪಸ್ ಬಂದ. ಎರಡು ತಿಂಗಳಿಗೆ ಕಾಯಿಲೆ ಬಿತ್ತು. ಹೆರೆಫ್ರಿತ್ ನೋಡಿಕೊಂಡು ಲಿಂಡಿಸ್‌ಫಾರ್ನ್‌ಗೆ ಹೋದವನೇ ಬಿರುಗಾಳಿಗೆ ಸಿಕ್ಕಿ ಐದು ದಿನ ದೋಣಿ ಇಳಿಸಲಾಗಲಿಲ್ಲ. ಗಾಳಿ ನಿಂತ ಮೇಲೆ ಬಂದು ನೋಡಿದರೆ, ಮುದುಕ ಗೂಡಿನಲ್ಲಿ ಇಲ್ಲ. ಬರುವವರಿಗೆ ತನ್ನನ್ನು ಹುಡುಕುವ ಕಷ್ಟ ಬೇಡ ಅಂತ ದಡದ ಅತಿಥಿಗೃಹದಲ್ಲಿ ಬಂದು ಕೂತಿದ್ದ. ಐದು ಹಗಲು ಐದು ರಾತ್ರಿ ಕೂತಲ್ಲಿಂದ ಎದ್ದಿರಲಿಲ್ಲ. ಕಾಲಿನ ಹುಣ್ಣು ಕೀವಾಗಿತ್ತು. ಹೆರೆಫ್ರಿತ್ ಬಿಸಿನೀರಲ್ಲಿ ಕಾಲು ತೊಳೆದು ಬೆಚ್ಚಗಿನ ವೈನ್ ಕುಡಿಸಿದ. ಇಷ್ಟು ದಿನ ಏನು ತಿಂದಿರಿ ಅಂತ ಕೇಳಿದ್ದಕ್ಕೆ ಹಾಸಿಗೆಯ ಹೊದಿಕೆ ಸರಿಸಿ ತೋರಿಸಿದ: ಐದು ಈರುಳ್ಳಿ. ಬಾಯಿ ಒಣಗಿದಾಗ ಕಚ್ಚುತ್ತಿದ್ದನಂತೆ. ಒಂದರಲ್ಲಿ ಅರ್ಧವೂ ಖಾಲಿಯಾಗಿರಲಿಲ್ಲ.

ಪೇಢಾಪ್ರಿಯ:
ಐದು ದಿನಕ್ಕ ಅರ್ಧ ಉಳ್ಳಾಗಡ್ಡಿ. ಇದನ್ನ ಓದಿ ಸುಮ್ಮನ ಕುಂತೆರಿ.

ಕಡಲಕರೆ:
ಇನ್ನೊಂದಿದೆ. ತನ್ನನ್ನು ಫಾರ್ನ್‌ನಲ್ಲೇ ಹೂಳಿ ಅಂತ ಕೇಳಿಕೊಂಡ. ಕಾರಣ ವೈರಾಗ್ಯವಲ್ಲ, ಶುದ್ಧ ವ್ಯವಹಾರ. ನನ್ನ ಗೋರಿ ಮಠದಲ್ಲಿದ್ದರೆ ತಪ್ಪು ಮಾಡಿ ಓಡಿಬಂದವರೆಲ್ಲ ಅಲ್ಲಿಗೇ ಆಶ್ರಯಕ್ಕೆ ಬರುತ್ತಾರೆ, ಅವರ ಪರವಾಗಿ ದೊರೆಗಳ ಹತ್ತಿರ ಅಂಗಲಾಚುವ ಕೆಲಸ ನಿಮ್ಮ ತಲೆಗೆ ಬರುತ್ತದೆ ಅಂದ. ಸನ್ಯಾಸಿಗಳು ಬಿಡಲಿಲ್ಲ. ಕೊನೆಗೆ ಒಪ್ಪಿ, ಹಾಗಾದರೆ ಚರ್ಚಿನ ಒಳಗೆ ಹೂಳಿ, ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಅನ್ನುವುದು ನಿಮ್ಮ ಕೈಯಲ್ಲಿರುತ್ತದೆ ಅಂದ.

ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಹೋದ. ದಡದಲ್ಲಿ ಒಬ್ಬ ಎರಡು ಕೈಯಲ್ಲಿ ಎರಡು ದೀಪ ಹಿಡಿದು ಎತ್ತರದ ಜಾಗ ಹತ್ತಿ ನಿಂತ. ಆಚೆ ಲಿಂಡಿಸ್‌ಫಾರ್ನ್‌ನಲ್ಲಿ ಅದಕ್ಕೇ ಕಣ್ಣಿಟ್ಟು ಕೂತಿದ್ದವನು ಚರ್ಚಿಗೆ ಓಡಿದ. ಅಲ್ಲಿ ಹಾಡುತ್ತಿದ್ದದ್ದು 'ದೇವರೇ, ನಮ್ಮನ್ನು ತಳ್ಳಿಬಿಟ್ಟೆ' ಎಂಬ ಕೀರ್ತನೆ. ಫಾರ್ನ್‌ನಲ್ಲೂ ಅದೇ ಹೊತ್ತಿಗೆ ಅದನ್ನೇ ಹಾಡಿದ್ದರು.

ಸುಮ್ಸುಮ್ನೆ:
ಇದು ಚೆನ್ನಾಗಿದೆ, ಒಪ್ಪಿದೆ. ಆದರೆ ಆ ಕೀರ್ತನೆಯ ಕಾಕತಾಳೀಯ?

ಹಳೇಹೊತ್ತಿಗೆ:
ಅದರ ಹಿಂದೆ ಒಂದು ವಿಷಯ ಇದೆ. ಅವನು ಸತ್ತ ಕೂಡಲೇ ಮಠದ ಮೇಲೆ ಎಂಥದೋ ಬಿರುಗಾಳಿ ಬೀಸಿತು, ಹಲವರು ಮಠವನ್ನೇ ಬಿಟ್ಟು ಹೋಗಲು ಹೊರಟರು ಅಂತ ಬೀಡ್ ಬರೆಯುತ್ತಾನೆ. ಯಾರಿಂದ ಅಂತ ಹೇಳುವುದಿಲ್ಲ. ಆದರೆ ಅವನ ಇನ್ನೊಂದು ದೊಡ್ಡ ಪುಸ್ತಕ ತೆಗೆದು ನೋಡಿದರೆ, ಆ ಒಂದು ವರ್ಷ ಲಿಂಡಿಸ್‌ಫಾರ್ನ್ ನೋಡಿಕೊಂಡವನು ವಾಪಸ್ ಬಂದ ವಿಲ್ಫ್ರಿಡ್ ಅಂತ ಇದೆ. ಎರಡು ಪುಸ್ತಕದಲ್ಲಿ ಎರಡು ತುಂಡು ಇಟ್ಟಿದ್ದಾನೆ, ಜೋಡಿಸುವುದನ್ನು ಓದುವವರಿಗೆ ಬಿಟ್ಟಿದ್ದಾನೆ. ಪ್ರಚಾರ ಮಾಡುವವನಿಗೆ ಇಷ್ಟು ನಾಜೂಕು ಇರುತ್ತದಾ?

ಮಳೆಬಿಲ್ಲು:
ದ್ವೀಪದಲ್ಲಿ ಹೂಳಿ ಅಂದವನು ಡರಮ್‌ಗೆ ಹೇಗೆ ಬಂದ?

ಟೈನ್‌ದಂಡೆ:
ಇದನ್ನು ನಾನು ಹೇಳ್ತೀನಿ, ನಾಲ್ಕು ಜನ ನೆಂಟರನ್ನು ಕರಕೊಂಡು ಹೋಗಿ ಹೇಳಿ ಹೇಳಿ ಬಾಯಿಪಾಠ ಆಗಿದೆ. 698ರಲ್ಲಿ ಎತ್ತರದ ಪೆಟ್ಟಿಗೆಯಲ್ಲಿಡೋಣ ಅಂತ ತೆಗೆದರೆ ದೇಹ ಹಾಗೇ ಇತ್ತಂತೆ. ಹೊಸ ಓಕ್ ಪೆಟ್ಟಿಗೆ ಮಾಡಿಸಿದರು. 793ರ ಜೂನ್ 8ರಂದು ವೈಕಿಂಗರು ಲಿಂಡಿಸ್‌ಫಾರ್ನ್ ಲೂಟಿ ಮಾಡಿದರು. 875ರಲ್ಲಿ ಮಠದವರು ಪೆಟ್ಟಿಗೆ ಹೊತ್ತು ಊರೇ ಬಿಟ್ಟರು. ಏಳು ವರ್ಷ ಅಲೆದರು. ಚೆಸ್ಟರ್-ಲೆ-ಸ್ಟ್ರೀಟ್‌ನಲ್ಲಿ ನೂರು ವರ್ಷ ಚಿಲ್ಲರೆ ಇದ್ದು, 995ರಲ್ಲಿ ಡರಮ್. ಪೆಟ್ಟಿಗೆಯಲ್ಲಿ ಅವನೊಬ್ಬನೇ ಅಲ್ಲ, ನಾರ್ತಂಬ್ರಿಯದ ಹಳೆಯ ರಾಜ ಓಸ್ವಾಲ್ಡ್‌ನ ತಲೆಯೂ ಇತ್ತು.

1104ರಲ್ಲಿ ಹೊಸ ಕ್ಯಾಥೆಡ್ರಲ್‌ಗೆ ಸಾಗಿಸುವಾಗ ತೆರೆದರು, ಆಗಲೂ ದೇಹ ಕೆಟ್ಟಿರಲಿಲ್ಲ ಅಂದರು. ತಲೆಯ ಹತ್ತಿರ ಅಂಗೈಯಗಲದ ಯೋಹಾನನ ಸುವಾರ್ತೆ ಪುಸ್ತಕ ಸಿಕ್ಕಿತು, ಕೆಂಪು ಚರ್ಮದ ರಟ್ಟು, ಯುರೋಪಿನಲ್ಲಿ ಕೆಡದೆ ಉಳಿದ ಪುಸ್ತಕಗಳಲ್ಲಿ ಇದರ ರಟ್ಟೇ ಅತ್ಯಂತ ಹಳೆಯದು. 2012ರಲ್ಲಿ ಬ್ರಿಟಿಷ್ ಲೈಬ್ರರಿ ಅದಕ್ಕೆ 90 ಲಕ್ಷ ಪೌಂಡ್ ಕೊಟ್ಟಿತು. ಎಂಟನೇ ಹೆನ್ರಿಯ ಅಧಿಕಾರಿಗಳು ಗುಡಿ ಒಡೆದರು. 1827ರಲ್ಲಿ ಮತ್ತೆ ತೆರೆದಾಗ ಇದ್ದದ್ದು ಅಸ್ಥಿಪಂಜರ. ಆಗ ಬಟ್ಟೆಗಳ ಮಡಿಕೆಯಲ್ಲಿ ಸಿಕ್ಕಿದ್ದು ಚಿನ್ನದ ಶಿಲುಬೆ, ಕೆಂಪು ಹರಳು ಕೂರಿಸಿದ್ದು, 6 ಸೆಂ.ಮೀ. ಅಗಲ. ಅಷ್ಟು ಸಲ ತೆರೆದವರ ಕೈಗೆ ಸಿಕ್ಕಿರಲಿಲ್ಲ. ಮ್ಯೂಸಿಯಮ್‌ನಲ್ಲಿ ಗಾಜಿಗೆ ಮೂಗು ತಾಗಿಸಿ ನೋಡಿ, ಒಂದು ತೋಳು ಮುರಿದು ರಿಪೇರಿ ಮಾಡಿದ ಗುರುತು ಕಾಣುತ್ತೆ. ಮುರಿದದ್ದನ್ನೇ ಕಟ್ಟಿಸಿಕೊಂಡು ಹಾಕಿಕೊಂಡಿದ್ದಾನೆ ನೋಡಿ, ಬಿಷಪ್ಪು.

ನಿರ್ವಾಹಕ:
ದೇಹ ಕೆಟ್ಟಿತ್ತೋ ಇಲ್ಲವೋ ಅಂತ ವೈಯಕ್ತಿಕ ಜಗಳಕ್ಕಿಳಿದ ಆರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ವಿಷಯಕ್ಕೆ ಅಂಟಿಕೊಳ್ಳಿ.

ಮಳೆಬಿಲ್ಲು:
ಆ ಶಿಲುಬೆ ನೋಡದೇ ಬಂದೆ! ಟಿಕೆಟ್ ಯಾಕೆ ಅಂತ ಮ್ಯೂಸಿಯಮ್ಮೇ ಬಿಟ್ಟಿದ್ದೆವು. ಮುಂದಿನ ವರ್ಷ ತಮ್ಮನ ಮಗುವಿನ ನಾಮಕರಣಕ್ಕೆ ಹೋಗೋದಿದೆ, ಜೂನ್‌ನಲ್ಲಿ. ಇನ್ನರ್ ಫಾರ್ನ್‌ಗೆ ಹೋಗಬಹುದಾ? ಅವನ ಗೂಡು ಉಳಿದಿದೆಯಾ?

ಟೈನ್‌ದಂಡೆ:
ಗೂಡು ಇಲ್ಲ. ಅದರ ಹೆಸರಲ್ಲಿ ಆಮೇಲೆ ಕಟ್ಟಿದ ಸಣ್ಣ ಚಾಪೆಲ್ ಇದೆ. ಸೀಹೌಸಸ್ ಎಂಬ ಊರಿನಿಂದ ದೋಣಿ, ಕಡಲು ಎದ್ದಿದ್ದರೆ ಬಿಡಲ್ಲ. ಲಿಂಡಿಸ್‌ಫಾರ್ನ್‌ಗೂ ಹೋಗೋದಾದರೆ ಉಬ್ಬರದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ. ದಿನಕ್ಕೆ ಎರಡು ಸಲ ರಸ್ತೆ ಮುಳುಗುತ್ತೆ, ಪ್ರತಿ ವರ್ಷ ಯಾರದಾದರೂ ಕಾರು ನೀರಲ್ಲಿ ನಿಲ್ಲುತ್ತೆ. ಮತ್ತೆ ಜೂನ್ ಅಂದರೆ ಫಾರ್ನ್‌ನಲ್ಲಿ ಟರ್ನ್ ಹಕ್ಕಿಗಳು ಮರಿ ಮಾಡೋ ಕಾಲ. ದಾರಿಯ ಪಕ್ಕದಲ್ಲೇ ಗೂಡು, ಹತ್ತಿರ ಹೋದರೆ ನೆತ್ತಿಗೇ ಕುಕ್ಕುತ್ತವೆ, ರಕ್ತ ಬರುತ್ತೆ. ಗದರಿದರೆ ಕೇಳಲ್ಲ, ನಾನು ಮಾಡಿ ನೋಡಿದ್ದೇನೆ. ದಪ್ಪ ಟೋಪಿ ತನ್ನಿ.